ನೆರಳಿಲ್ಲದ ಹೊತ್ತು

ಲೈಟಿನ ಬಾಡಿಗೆ ವಿಚಾರಿಸಿದ ದಿನವೇ ನಾನು ನನ್ನ ಸಿನಿಮಾದ ಕಥೆ ಬದಲಾಯಿಸಿದೆ.

ಕಥೆ ಮೊದಲು ರಾತ್ರಿಯದಾಗಿತ್ತು. ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿ, ಬೀಗ ಹಾಕಿ ವರ್ಷಗಳಾದ ಮನೆ, ಮಳೆ, ಕರೆಂಟು ಹೋಗೋದು, ಎಲ್ಲಾ ಇತ್ತು. ಹನ್ನೊಂದು ರಾತ್ರಿ ಶೂಟಿಂಗ್. ಒಂದು ರಾತ್ರಿಗೆ ಜನರೇಟರ್, ಡೀಸೆಲ್, ಎರಡು ದೊಡ್ಡ ಲೈಟು, ಅವನ್ನು ನೋಡಿಕೊಳ್ಳುವ ಹುಡುಗರು, ಅವರ ಬಾಟಾ (ದಿನದ ಭತ್ಯೆ), ರಾತ್ರಿ ಊಟ, ಬೆಳಗಿನ ಜಾವದ ಟೀ, ಇಷ್ಟನ್ನೂ ಒಂದು ಹಾಳೆ ಮೇಲೆ ಬರೆದು ಹನ್ನೊಂದರಿಂದ ಗುಣಿಸಿ ನೋಡಿದೆ. ನನ್ನ ಹತ್ತಿರ ಇದ್ದ ದುಡ್ಡು ನಾಲ್ಕನೇ ರಾತ್ರಿಗೇ ಮುಗಿಯುತ್ತಿತ್ತು. ಮಳೆಗೆ ಟ್ಯಾಂಕರ್ ಬೇರೆ. ಬಯಲುಸೀಮೆಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಜನ ಕೊಡ ಹಿಡಿದು ಸಾಲು ನಿಂತಿರುವ ಊರಲ್ಲಿ, ಸಿನಿಮಾದ ಮಳೆಗೆ ಅಂತ ಒಂದು ಟ್ಯಾಂಕರ್ ನೀರು ಸುರಿಯೋದು! ಬರೆಯುವಾಗಲೇ ಕೈ ನಿಂತಿತು. ಮೊದಲು ಹೊಡೆದು ಹಾಕಿದ್ದು ಆ ಸಾಲನ್ನು.

ನಾನು ದಾವಣಗೆರೆಯವನು. ಹೊಟ್ಟೆಪಾಡಿಗೆ ಮದುವೆ ವಿಡಿಯೊ ಮಾಡುತ್ತೇನೆ. ಹಾರರ್ ಸಿನಿಮಾ ನನ್ನ ಇನ್ನೊಂದು ಕೆಲಸ. ಅದನ್ನು ಯಾರಾದರೂ ಹವ್ಯಾಸ ಅಂದರೆ ನನಗೆ ನೋವಾಗುತ್ತದೆ. ಮೂರು ಕಿರುಚಿತ್ರ ಆದ ಮೇಲೆ ಇದು ಮೊದಲನೇ ಉದ್ದದ ಸಿನಿಮಾ. ಎಪ್ಪತ್ತು ನಿಮಿಷ. ಎರಡು ವರ್ಷ ಹಿಡಿಯಿತು. ತಂಡ ಅಂದರೆ ಆರೇ ಜನ. ಸೌಂಡ್ ನೋಡಿಕೊಳ್ಳುವ ಗೆಳೆಯ, ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೆ ಮೈಕ್ ಹಾಕುವವನು, ಮೇಕಪ್ ಮಾಡುವ ಹುಡುಗಿ ಮದುಮಗಳಿಗೆ ಮೇಕಪ್ ಮಾಡುವವಳು, ಊಟದ ಜವಾಬ್ದಾರಿ ನಮ್ಮ ಅತ್ತಿಗೆಯದು. ನಮ್ಮಲ್ಲಿ ಹೆಚ್ಚಿನವರ ಸಂಪಾದನೆ ಮದುವೆ ಸೀಸನ್ನಿನಿಂದಲೇ. ಹಾಗಾಗಿ ಯಾವ ದಿನ ಮುಹೂರ್ತ ಇಲ್ಲವೋ ಆ ದಿನ ನಮಗೆ ಶೂಟಿಂಗ್. ಯುಗಾದಿಗೆ ಹೊಸ ಪಂಚಾಂಗ ತಂದ ಕೂಡಲೇ ಖಾಲಿ ದಿನಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಆಷಾಢದಲ್ಲಿ ತಿಂಗಳಿಡೀ ಬಿಡುವು ಸಿಗುತ್ತದೆ, ಆದರೆ ಆಗ ನಮ್ಮ ಕಡೆ ಬೀಸುವ ಗಾಳಿಗೆ ಮೈಕಿನಲ್ಲಿ ಬೇರೇನೂ ಕೇಳುವುದಿಲ್ಲ. ಉಳಿಯೋದು ಅಮಾವಾಸ್ಯೆಯ ಆಸುಪಾಸಿನ ದಿನಗಳು. ದೆವ್ವದ ಸಿನಿಮಾನ ಬೇಕು ಅಂತಲೇ ಅಮಾವಾಸ್ಯೆ ದಿನ ಮಾಡ್ತೀರಾ ಅಂತ ತುಂಬಾ ಜನ ಕೇಳಿದ್ದಾರೆ. ನಿಜವಾದ ಕಾರಣ ಇದು.

ಬೀಗ ಹಾಕಿದ ಮನೆ ನೋಡಲು ಹೋದಾಗ ಪಕ್ಕದ ಮನೆಯ ಕಟ್ಟೆ ಮೇಲೆ ಒಬ್ಬ ಅಜ್ಜಿ ಶೇಂಗಾ ಬಿಡಿಸುತ್ತಾ ಕೂತಿದ್ದರು. ಬಂದ ವಿಷಯ ಹೇಳಿದೆ. ರಾತ್ರಿ ಹೊತ್ತು ಇಲ್ಲಿ ಹೆದರಿಕೆ ಆಗುತ್ತಾ ಅಜ್ಜಿ ಅಂತ ಕೇಳಿದೆ. ಕೈಯಲ್ಲಿದ್ದ ಶೇಂಗಾ ಪುಟ್ಟಿಗೆ ಹಾಕಿ ನನ್ನನ್ನೇ ನೋಡಿದರು.

"ರಾತ್ರಿ ಹೆದರಾಕೆ ಏನೈತಪ್ಪಾ? ರಾತ್ರಿ ಎಲ್ಲಾರೂ ಮನ್ಯಾಗೇ ಇರ್ತಾರೆ. ಹೆದರ್ಬೇಕಾದ್ದು ಮಟಮಟ ಮಧ್ಯಾಹ್ನಕ್ಕೆ. ಹುಣಸೇಮರದ ತಾವ ಹೋಗ್ಬ್ಯಾಡ್ರೇ ಅಂತ ನಮ್ಮವ್ವ ಬೈತಿದ್ದದ್ದು ಹನ್ನೆರಡು ಹೊಡೆದಾಗ, ಕತ್ತಲಾದಾಗ ಅಲ್ಲ."

ಆ ಮಾತಿನ ಹಿಂದೆಯೇ ನನ್ನ ಬೇಸಿಗೆ ರಜೆ ನೆನಪಾಯಿತು. ಊಟ ಆದ ಮೇಲೆ ದೊಡ್ಡವರೆಲ್ಲ ಪಡಸಾಲೆಯಲ್ಲಿ ಮಲಗುತ್ತಿದ್ದರು. ಬೀದಿಯಲ್ಲಿ ಒಂದು ನರಪಿಳ್ಳೆ ಇರುತ್ತಿರಲಿಲ್ಲ. ಕೋಳಿಗಳೂ ತಿಪ್ಪೆ ಬಿಟ್ಟು ಗಾಡಿ ಕೆಳಗೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು. ಊರಾಚೆ ರಸ್ತೆ ಬಿಸಿಲಿಗೆ ನೀರಿನ ಹಾಗೆ ಅಲುಗಾಡುತ್ತಿತ್ತು, ಆ ಅಲುಗಾಟದ ಒಳಗಿಂದ ಯಾರಾದರೂ ನಡೆದು ಬಂದರೆ ಮೊದಲು ಅವರ ತಲೆ ಮೈ ಮಾತ್ರ ಕಾಣುತ್ತಿತ್ತು, ಎಷ್ಟೋ ಹೊತ್ತು ಕಾಲೇ ಕಾಣುತ್ತಿರಲಿಲ್ಲ, ಕಾಲು ಕಾಣುವವರೆಗೆ ನಾನು ಉಸಿರು ಹಿಡಿದುಕೊಂಡು ಬಾಗಿಲ ಸಂದಿಯಲ್ಲಿ ನಿಂತಿರುತ್ತಿದ್ದೆ. ಇಷ್ಟು ದೊಡ್ಡ ಹೆದರಿಕೆ ನನ್ನ ಮೈಯಲ್ಲೇ ಇತ್ತು. ಅದನ್ನು ಬಿಟ್ಟು ಮಳೆ, ಮಂಜು, ಹಳೇ ಬಂಗಲೆ ಅಂತ ಯಾರದೋ ಊರಿನ ಭಯವನ್ನು ಬಾಡಿಗೆಗೆ ತರಲು ಹೊರಟಿದ್ದೆ. ಮಲೆನಾಡಿನವರು ಕಾಡಿಗೆ ಹೆದರಬಹುದು. ನಮಗೆ ಕಾಡೆಲ್ಲಿದೆ? ನಮ್ಮಲ್ಲಿರೋದು ಬಂಡೆ, ಬಯಲು, ಬಿಸಿಲು, ಮತ್ತೆ ಮರೆಯೇ ಇಲ್ಲದ ಆಕಾಶ.

ಆ ರಾತ್ರಿ ದಾವಣಗೆರೆಗೆ ವಾಪಸ್ ಬಂದು ಇಡೀ ಕಥೆಯನ್ನು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದೂವರೆ ಗಂಟೆಯೊಳಗೆ ತಂದು ಕೂರಿಸಿದೆ. ಜನರೇಟರ್ ಬೇಡ. ಲೈಟು ಬೇಡ. ಟ್ಯಾಂಕರ್ ಬೇಡ.

ಹಗಲಿನ ಹಾರರ್ ಹೊಸದೇನಲ್ಲ. ಆಗ ನನಗೆ ಧೈರ್ಯ ಕೊಟ್ಟದ್ದು 1962ರ ‘ಕಾರ್ನಿವಲ್ ಆಫ್ ಸೋಲ್ಸ್’. ಅದನ್ನು ಮಾಡಿದ ಹರ್ಕ್ ಹಾರ್ವಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನೋ ಊರಲ್ಲಿ ಶಾಲೆಗಳಿಗೆ, ಕಾರ್ಖಾನೆಗಳಿಗೆ ಪಾಠದ ಫಿಲ್ಮ್ ಮಾಡುವ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ಒಮ್ಮೆ ಕಾರಿನಲ್ಲಿ ಬರುವಾಗ ಯೂಟಾದ ಉಪ್ಪಿನ ಸರೋವರದ ದಡದಲ್ಲಿ ಪಾಳುಬಿದ್ದ ಒಂದು ದೊಡ್ಡ ಮಂಟಪ ಕಣ್ಣಿಗೆ ಬಿತ್ತು. ಆ ಒಂದು ಜಾಗಕ್ಕಾಗಿ ಕಥೆ ಬರೆಸಿ, ಮೂರು ವಾರ ರಜೆ ಹಾಕಿ, ಸಣ್ಣ ತಂಡ ಕಟ್ಟಿಕೊಂಡು ಸಿನಿಮಾ ಮಾಡಿದರು. ಅದರಲ್ಲಿ ಒಂದು ಕಡೆ ಹಾಡಹಗಲೇ, ಜನ ತುಂಬಿದ ಅಂಗಡಿಯೊಳಗೆ, ನಾಯಕಿಯ ಮಾತು ಯಾರಿಗೂ ಕೇಳಿಸದೇ ಹೋಗುತ್ತದೆ. ಸುತ್ತಲಿನ ಸದ್ದೂ ನಿಂತುಬಿಡುತ್ತದೆ. ಅಷ್ಟೇ. ರಕ್ತ ಇಲ್ಲ, ಕಿರುಚಾಟ ಇಲ್ಲ. ನೋಡಿದ ರಾತ್ರಿ ನಾನು ಸುಮ್ನೆ ಎದ್ದು ಹೋಗಿ ಹೆಂಡತಿಯನ್ನು ಎಬ್ಬಿಸಿ ಮಾತಾಡಿಸಿದೆ, ನನ್ನ ಮಾತು ಕೇಳಿಸುತ್ತದೋ ಇಲ್ಲವೋ ಅಂತ.

ಇನ್ನೊಬ್ಬರು ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ. ಅವರು ಸಿನಿಮಾ ಶುರುಮಾಡಿದ ಊರು ಪಿಟ್ಸ್‌ಬರ್ಗ್, ಆಗ ಉಕ್ಕಿನ ಕಾರ್ಖಾನೆಗಳ ಊರು. ನಮ್ಮ ದಾವಣಗೆರೆಯೂ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡದ್ದು. ಆ ಸಂಬಂಧಕ್ಕೋ ಏನೋ ಅವರು ನನಗೆ ಹತ್ತಿರದವರು ಅನ್ನಿಸುತ್ತಾರೆ. ಜಾಹೀರಾತು ಮಾಡಿಕೊಂಡಿದ್ದ ಗೆಳೆಯರು ಸೇರಿ 1968ರಲ್ಲಿ, ಸತ್ತವರು ಎದ್ದು ಬರುವ ಕಥೆಯ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತಂದರು. ಖರ್ಚು ಸುಮಾರು 1,14,000 ಡಾಲರ್. ಹೆಣಗಳಾಗಿ ನಡೆದವರಲ್ಲಿ ಊರಿನ ಜನರೇ ಜಾಸ್ತಿ. ಕಪ್ಪು ಬಿಳುಪು ಸಿನಿಮಾ ಆದ್ದರಿಂದ ಚಾಕೊಲೇಟ್ ಸಿರಪ್ಪೇ ರಕ್ತ. ಆದರೆ ಬಿಡುಗಡೆಗೆ ಮುಂಚೆ ಸಿನಿಮಾದ ಹೆಸರು ಬದಲಾದಾಗ, ಹಂಚಿಕೆದಾರರು ಹೊಸ ಹೆಸರಿನ ಕಾರ್ಡಿನಲ್ಲಿ ಕಾಪಿರೈಟ್ ಹಕ್ಕಿನ ಒಂದು ಸಾಲು ಹಾಕಲು ಮರೆತರು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟಕ್ಕೇ ಸಿನಿಮಾ ಎಲ್ಲರ ಸ್ವತ್ತಾಗಿಬಿಟ್ಟಿತು. ಜಗತ್ತೆಲ್ಲ ನೋಡಿದ ಸಿನಿಮಾ, ಬರಬೇಕಾದ ದುಡ್ಡಿನಲ್ಲಿ ದೊಡ್ಡ ಪಾಲು ಮಾಡಿದವರ ಕೈಗೆ ಬರಲಿಲ್ಲ. ಇದನ್ನು ಓದಿದಾಗಿನಿಂದ ನಾನು ಯಾರ ಮುಖ, ಯಾರ ದನಿ ತೆಗೆದುಕೊಂಡರೂ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಗೆಳೆಯರಾದರೂ ಸರಿ. ಬೇಜಾರು ಮಾಡಿಕೊಂಡವರಿದ್ದಾರೆ, ಆದರೂ ಬಿಡುವುದಿಲ್ಲ.

ಈಗ ಮಧ್ಯಾಹ್ನದ ಬೆಳಕಿನ ವಿಷಯ. ಯಾವ ಕ್ಯಾಮೆರಾಮನ್‌ನ ಕೇಳಿದರೂ ಹನ್ನೆರಡು ಗಂಟೆ ಬಿಸಿಲಲ್ಲಿ ಮುಖ ತೆಗೆಯಬೇಡ ಅನ್ನುತ್ತಾರೆ. ಸೂರ್ಯ ನೆತ್ತಿ ಮೇಲಿದ್ದಾಗ ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬೀಳುತ್ತದೆ, ಮೂಗಿನ ನೆರಳು ತುಟಿಗೆ ಬೀಳುತ್ತದೆ. ಮದುವೆಗಳಲ್ಲಿ ನಾನೇ ಎಷ್ಟೋ ಸಲ ಬಿಳಿ ಥರ್ಮಾಕೋಲ್ ಹಿಡಿಸಿ ಆ ಕಪ್ಪು ಹೋಗಿಸಿದ್ದೇನೆ. ಈ ಸಲ ಥರ್ಮಾಕೋಲ್ ಮನೆಯಲ್ಲೇ ಬಿಟ್ಟು ಬಂದೆ. ಮೊದಲನೇ ದಿನ ಮಾನಿಟರಿನಲ್ಲಿ ನಾಯಕನ ಮುಖ ನೋಡಿದಾಗ ಎಲ್ಲರೂ ಸುಮ್ಮನಾದೆವು. ಕಣ್ಣಿರುವ ಕಡೆ ಎರಡು ಕಪ್ಪು ಗುಂಡಿ. ಅದಕ್ಕೆ ಮೇಕಪ್ ಹುಡುಗಿ ಏನೂ ಮಾಡಿರಲಿಲ್ಲ, ನಮ್ಮೂರಿನ ಸೂರ್ಯನೇ ಮಾಡಿದ್ದು.

ಕಷ್ಟ ಬೇರೆ ಕಡೆ ಇತ್ತು. ಅಷ್ಟು ಬೆಳಕಿಗೆ ಲೆನ್ಸಿನ ಮುಂದೆ ಎನ್‌ಡಿ ಫಿಲ್ಟರ್ ಹಾಕಲೇಬೇಕು, ಕ್ಯಾಮೆರಾಕ್ಕೆ ಕೂಲಿಂಗ್ ಗ್ಲಾಸ್ ಹಾಕಿದ ಹಾಗೆ. ಅದಿಲ್ಲದೆ ಶಟರ್ ಸ್ಪೀಡ್ ಏರಿಸಿದರೆ ನಡೆಯುವ ಮನುಷ್ಯ ಕುಪ್ಪಳಿಸಿದ ಹಾಗೆ ಕಾಣುತ್ತಾನೆ. ಕ್ಯಾಮೆರಾ ಕಾದು ಎರಡು ಸಲ ತಾನಾಗಿಯೇ ಆಫ್ ಆಯಿತು. ಮಾಡಿಟ್ಟಿದ್ದ ರಕ್ತ ಅಂತೂ ಹತ್ತು ನಿಮಿಷ ಉಳಿಯಲಿಲ್ಲ. ಬೆಲ್ಲದ ಪಾಕಕ್ಕೆ ಅಡುಗೆ ಬಣ್ಣ, ಸ್ವಲ್ಪ ಡಿಕಾಕ್ಷನ್ ಹಾಕಿ ಒಳ್ಳೇ ಬಣ್ಣ ಬರಿಸಿದ್ದೆವು. ನೆಲಕ್ಕೆ ಬಿದ್ದ ಕೂಡಲೇ ಇರುವೆ ಮುತ್ತಿದವು, ನಟನ ಕೈಗೂ ಹತ್ತಿ ಕಚ್ಚಿದವು. ಆ ಹುಡುಗನ ಕೈ ಊದಿಕೊಂಡದ್ದು ನೋಡಿ ನನಗೆ ತುಂಬಾ ಬೇಜಾರಾಯಿತು, ಅವತ್ತಿನ ಶೂಟಿಂಗ್ ನಿಲ್ಲಿಸಿದೆ. ಆಮೇಲೆ ಸಿನಿಮಾದಲ್ಲಿ ರಕ್ತವೇ ಬೇಡ ಅಂತ ತೀರ್ಮಾನ ಮಾಡಿದೆವು. ನೋಡಿದವರಲ್ಲಿ ಒಬ್ಬರೂ ರಕ್ತ ಎಲ್ಲಿ ಅಂತ ಕೇಳಿಲ್ಲ.

ಸಿನಿಮಾದ ಜೀವ ಇರೋದು ನೆರಳಿನಲ್ಲಿ. ದೆವ್ವಕ್ಕೆ ನೆರಳಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರಲ್ಲ. ನಮ್ಮ ನಾಯಕ ವರ್ಷಗಳ ಮೇಲೆ ಊರಿಗೆ ಬಂದವನು, ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಅವರ ನೆರಳು ನೋಡುತ್ತಾನೆ. ಆ ಪಾತ್ರ ಬರೆಯುವಾಗ ಶಾಲೆಯ ಭೂಗೋಳ ನೆನಪಾಯಿತು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟ ಕಂಬಕ್ಕೆ ಆಗ ನೆರಳೇ ಇರುವುದಿಲ್ಲ. ಚಿತ್ರದುರ್ಗ ಇರುವುದು ಸುಮಾರು 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ಇಲ್ಲಿಗೆ ಆ ದಿನ ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ. ಆಗಸ್ಟಿನಲ್ಲಿ ಮೋಡ ಇರುತ್ತದೆ, ನಂಬುವ ಹಾಗಿಲ್ಲ. ನೆರಳು ಹೋಗೋದೂ ಹನ್ನೆರಡಕ್ಕೆ ಸರಿಯಾಗಿ ಅಲ್ಲ. ನಮ್ಮ ಗಡಿಯಾರ ಹೊಂದಿಕೊಂಡಿರೋದು ನಮ್ಮಿಂದ ಎಷ್ಟೋ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶಕ್ಕೆ, ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಗಂಟೆ ಹನ್ನೆರಡು ಇಪ್ಪತ್ತು ದಾಟಿರುತ್ತದೆ.

ಎಲ್ಲರ ನೆರಳೂ ಇಲ್ಲವಾಗುವ ಒಂದು ಗಳಿಗೆ. ಆಗ ಯಾರು ಬದುಕಿದವರು, ಯಾರು ಅಲ್ಲ? ನನ್ನ ಇಡೀ ಸಿನಿಮಾ ಆ ಗಳಿಗೆಗೆ ಬಂದು ನಿಂತಿತು.

ಹಿಂದಿನ ದಿನ, ಮಾರನೇ ದಿನವೂ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ, ಹಾಗಾಗಿ ನಮಗೆ ಮೂರು ದಿನ, ದಿನಕ್ಕೆ ಹತ್ತೇ ಹತ್ತು ನಿಮಿಷ. ಬಂಡೆ ಮೇಲೆ ಒಂದು ಒನಕೆ ನಿಲ್ಲಿಸಿ ಅದರ ನೆರಳು ಸಣ್ಣದಾಗುವುದನ್ನು ಕಾಯುತ್ತಾ ಕೂತೆವು. ಮೊದಲ ದಿನ ಎಲ್ಲಿಂದಲೋ ಒಂದು ಮೋಡ ಬಂತು. ಎರಡನೇ ದಿನ ಕುರಿ ಮಂದೆ ಬಂತು. ಕುರಿ ಕಾಯುವ ಅಣ್ಣ ಪಾಪ ಓಡಿಸಿಕೊಂಡು ಹೋಗಲು ತುಂಬಾ ಪ್ರಯತ್ನ ಮಾಡಿದರು, ಆದರೆ ಆ ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆ ಕೆಳಗೆ ಒಂದು ತಲೆ ಹಾಕಿಕೊಂಡು ಗುಂಪಾಗಿ ನಿಂತುಬಿಟ್ಟವು, ಅಲುಗಾಡಲಿಲ್ಲ. ಮೂರನೇ ದಿನ ಒನಕೆಯ ನೆರಳು ಅದರ ಬುಡದೊಳಗೆ ಸೇರಿಕೊಂಡಿತು. ನಾಯಕ ನಡೆದು ಬಂದು ನಿಂತ. ಎದುರಿಗಿದ್ದವರ ಕಾಲಬುಡ ನೋಡಿದ. ತನ್ನ ಕಾಲಬುಡ ನೋಡಿಕೊಂಡ. ಒಂದೇ ಟೇಕ್, ಎರಡು ನಿಮಿಷ. ಕಟ್ ಹೇಳಲು ನನಗೆ ದನಿ ಬರಲಿಲ್ಲ.

ಚಿತ್ರದುರ್ಗ ಅಂದಮೇಲೆ ಕೋಟೆಯಲ್ಲಿ ಯಾಕೆ ತೆಗೆಯಲಿಲ್ಲ ಅಂತ ಕೇಳುತ್ತಾರೆ. ಕೋಟೆ ಕೇಂದ್ರದ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಸಿನಿಮಾ ತೆಗೆಯಲು ಮುಂಚೆಯೇ ಅನುಮತಿ ಬೇಕು, ಶುಲ್ಕ ಕಟ್ಟಬೇಕು. ಅದು ಸರಿಯೇ. ಆದರೆ ನನಗೆ ಇನ್ನೊಂದು ಕಾರಣ ಇತ್ತು. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಇವು ನಮ್ಮ ಜನ ತಲೆಯೆತ್ತಿ ತೋರಿಸುವ ಜಾಗಗಳು. ಒಬ್ಬ ಹೆಣ್ಣುಮಗಳು ಒನಕೆ ಹಿಡಿದು ನಿಂತ ಕಡೆ ದೆವ್ವ ಓಡಾಡಿಸಲು ನನಗೆ ಮನಸ್ಸಾಗಲಿಲ್ಲ.

ಹೆಣ್ಣುಮಕ್ಕಳ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಮೈಮೇಲೆ ಬಂದ ಹೆಂಗಸು, ಬೇವಿನ ಸೊಪ್ಪಿನಲ್ಲಿ ಹೊಡೆಯುವ ಮಂತ್ರವಾದಿ, ಬಿಚ್ಚಿದ ಕೂದಲು, ಬಿಳಿ ಸೀರೆ, ಗೆಜ್ಜೆ, ಇವು ನನ್ನ ಸಿನಿಮಾದಲ್ಲಿ ಇಲ್ಲ. ದೆವ್ವ ಬಿಡಿಸುತ್ತೇವೆ ಅಂತ ಹೊಡೆಯೋದು ನಮ್ಮ ರಾಜ್ಯದಲ್ಲಿ ಅಪರಾಧ, 2017ರ ಕಾಯ್ದೆಯಲ್ಲಿ ಅದೂ ಸೇರಿದೆ. ಆ ಹೊಡೆತ ತಿಂದವರಲ್ಲಿ ಎಷ್ಟು ಜನ ಸುಮ್ನೆ ಕಾಯಿಲೆಯವರೋ, ಮನಸ್ಸು ನೊಂದವರೋ. ಅವರ ನೋವನ್ನು ಸಿನಿಮಾ ಮಾಡಿ, ನೋಡುವವರ ಮೈ ಜುಮ್ಮೆನಿಸೋದು ನನಗೆ ಬೇಡ. ಬೆಂಗಳೂರಿನ ಒಬ್ಬ ಹಂಚಿಕೆದಾರರು ಮುಕ್ಕಾಲು ಗಂಟೆ ಸಿನಿಮಾ ನೋಡಿ, ಒಂದು ಹೆಣ್ಣು ದೆವ್ವ ಹಾಕಿ, ಎರಡು ಹಾಡು ಹಾಕಿ, ಆಮೇಲೆ ಮಾತಾಡೋಣ ಅಂದರು. ನಾನು ನಮಸ್ಕಾರ ಮಾಡಿ ಹಾರ್ಡ್ ಡಿಸ್ಕ್ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ತುಮಕೂರು ದಾಟುವವರೆಗೆ ಕಣ್ಣು ಒದ್ದೆಯಾಗಿತ್ತು. ಆದರೂ ಅವತ್ತು ಮಾಡಿದ್ದು ಸರಿ ಅಂತಲೇ ಇವತ್ತಿಗೂ ಅನ್ನಿಸುತ್ತದೆ.

ಇನ್ನು ಸೌಂಡ್. ಹಾರರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಕಿವಿಯದು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆ. ದೂರದಿಂದ ಸುಮ್ಮನೆ ತಿರುಗಿದ ಹಾಗೆ ಕಾಣುತ್ತವೆ, ಹತ್ತಿರ ಹೋಗಿ ನಿಂತರೆ ಒಂದೊಂದು ರೆಕ್ಕೆ ಇಳಿಯುವಾಗಲೂ ‘ಹೂಂ’ ಅಂತ ಒಂದು ಉಸಿರು. ನನ್ನ ಗೆಳೆಯ ಅದನ್ನು ಒಂದು ಗಂಟೆ ರೆಕಾರ್ಡ್ ಮಾಡಿದ. ಸಿನಿಮಾದಲ್ಲಿ ಯಂತ್ರ ಒಂದು ಕಡೆಯೂ ಕಾಣುವುದಿಲ್ಲ, ಆ ಉಸಿರು ಮಾತ್ರ ಬೀಗ ಹಾಕಿದ ಮನೆಯ ಒಳಗಿಂದ ಬರುತ್ತದೆ. ಒಣ ಹುಲ್ಲಿನ ಮೇಲೆ ಯಾರೋ ನಡೆಯುವ ಸದ್ದಿಗೆ ದಾವಣಗೆರೆಯ ಮಂಡಕ್ಕಿ ಚೆಲ್ಲಿ ಬರಿಗಾಲಲ್ಲಿ ನಡೆದೆವು. ಮೂಳೆ ಮುರಿಯುವ ಸದ್ದು ಒದ್ದೆ ಟವೆಲ್‌ನಲ್ಲಿ ಸುತ್ತಿದ ಜೋಳದ ದಂಟು. ನಾಯಿಯನ್ನು ತೋರಿಸಬೇಕೆಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ಅಷ್ಟು ಓಡಾಡಲು ನಮಗೆ ಆಗಲಿಲ್ಲ, ನಾಯಿ ಅಳುವ ಸದ್ದು ಮಾತ್ರ ಇಟ್ಟುಕೊಂಡೆವು. ಕಾಣದ ನಾಯಿಯೇ ಜಾಸ್ತಿ ಹೆದರಿಸುತ್ತದೆ.

ಆದರೆ ಒಂದು ದನಿ ಮಾತ್ರ ಎಷ್ಟು ಮಾಡಿದರೂ ಕೂರಲಿಲ್ಲ. ಬೀಗ ಹಾಕಿದ ಮನೆಯೊಳಗಿಂದ ತಾಯಿ ಊಟಕ್ಕೆ ಕರೆಯಬೇಕು. 1990ರ ದಶಕದಲ್ಲಿ ದೆವ್ವ ಒಳಗೆ ಬರದಿರಲಿ ಅಂತ ಬಾಗಿಲು ಬಾಗಿಲಿಗೂ ‘ನಾಳೆ ಬಾ’ ಅಂತ ಬರೆದದ್ದು ನೆನಪಿದೆಯಲ್ಲ? ಆ ದೆವ್ವ ಮನೆಯವರ ದನಿಯಲ್ಲೇ ಕರೆಯುತ್ತದೆ ಅನ್ನೋ ಮಾತಿಗೇ ತಾನೆ ನಾವೆಲ್ಲ ಅಷ್ಟು ಹೆದರಿದ್ದು. ಡಬ್ಬಿಂಗ್ ಕಲಾವಿದೆ ಒಬ್ಬರು ಬಂದು ನಡುಗಿಸಿ, ಎಳೆದು, ಪಿಸುಗುಟ್ಟಿ, ಏಳೆಂಟು ಥರ ಹೇಳಿದರು. ಚೆನ್ನಾಗಿ ಕಲಿತವರು, ಶ್ರಮಪಟ್ಟರು. ಪ್ರತಿಸಲವೂ ಅದು ದೆವ್ವದ ದನಿ ಅಂತ ಮೊದಲೇ ಗೊತ್ತಾಗುತ್ತಿತ್ತು.

ಕೊನೆಗೆ ಶೇಂಗಾ ಬಿಡಿಸುತ್ತಿದ್ದ ಅಜ್ಜಿಯ ಹತ್ತಿರ ಹೋದೆ. ಏನೂ ಮಾಡೋದು ಬೇಡ ಅಜ್ಜಿ, ಊಟಕ್ಕೆ ಕರೀರಿ ಸಾಕು ಅಂದೆ.

"ಯಾರ್ನ ಕರೀಲಿ?"

"ನಿಮ್ಮ ಮಗನ್ನ."

ಮಗ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾರೆ. ಅಜ್ಜಿ ಕಟ್ಟೆಯಿಂದ ಎದ್ದು, ಸೆರಗು ಸರಿ ಮಾಡಿಕೊಂಡು, ಹೊಲದ ದಾರಿ ಕಡೆ ತಿರುಗಿ, ಹಣೆಗೆ ಕೈ ಅಡ್ಡ ಹಿಡಿದು ಕರೆದರು. "ಯಪ್ಪಾ, ಉಣ್ಣಾಕೆ ಬಾರೋ. ಮುದ್ದೆ ಆರ್ತೈತೆ." ಮೂರು ಸಲ. ಮೂರನೇ ಸಲ ಸ್ವಲ್ಪ ಸಿಟ್ಟಿತ್ತು. ಹೆಡ್‌ಫೋನ್ ಹಾಕಿಕೊಂಡಿದ್ದ ನನ್ನ ಗೆಳೆಯ ಅದನ್ನು ತೆಗೆದು ಕೆಳಗಿಟ್ಟು ಆ ಕಡೆ ತಿರುಗಿಕೊಂಡ. ಹಾಳೆ ಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿದರು. ದನಿಗೆ ಅಂತ ದುಡ್ಡು ಕೊಟ್ಟೆ, ಎಣಿಸದೇ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಸೆನ್ಸಾರ್ ಆಯಿತು, ಯುಎ 13+ ಪ್ರಮಾಣಪತ್ರ ಬಂತು. ಮೊದಲ ಪ್ರದರ್ಶನ ಆ ಹಳ್ಳಿಯಲ್ಲೇ ಅಂತ ಮಾತು ಕೊಟ್ಟಿದ್ದೆ. ಶಾಲೆಯ ಗೋಡೆಗೆ ಬಿಳಿ ಪಂಚೆಗಳನ್ನು ಸೇರಿಸಿ ಹೊಲಿದು ಕಟ್ಟಿದೆವು, ಪ್ರೊಜೆಕ್ಟರ್ ಮದುವೆಗಳಿಗೆ ಬಾಡಿಗೆ ಕೊಡುವವರದು, ಸ್ಪೀಕರ್ ಗೆಳೆಯನದು. ಊರಿಗೆ ಊರೇ ಬಂದಿತ್ತು. ಮಕ್ಕಳು ಮುಂದೆ, ಹೆಂಗಸರು ಚಾಪೆ ಮೇಲೆ, ಗಂಡಸರು ಹಿಂದೆ ಬೈಕುಗಳ ಮೇಲೆ. ನೆರಳು ಮಾಯವಾಗುವ ದೃಶ್ಯದಲ್ಲಿ ಕೆಲವರು ಬಗ್ಗಿ ತಮ್ಮ ಕಾಲು ನೋಡಿಕೊಂಡರು, ರಾತ್ರಿ ಅನ್ನೋದನ್ನೂ ಮರೆತು.

ಆಮೇಲೆ ಮನೆಯೊಳಗಿಂದ ದನಿ ಬಂತು. ಒಂದು ಸಲ. ಮಕ್ಕಳ ಗಲಾಟೆ ನಿಂತಿತು. ಎರಡನೇ ಸಲ. ಅಜ್ಜಿ ಚಾಪೆ ಮೇಲೆ ಪಕ್ಕದವರಿಗೆ ಏನೋ ಹೇಳುತ್ತಿದ್ದವರು ಸುಮ್ಮನಾದರು. ಮೂರನೇ ಸಲ, ಆ ಸಣ್ಣ ಸಿಟ್ಟಿನ ಜೊತೆ, "ಯಪ್ಪಾ, ಉಣ್ಣಾಕೆ ಬಾರೋ."

ಹಿಂದೆ ಬೈಕುಗಳ ಕಡೆಯಿಂದ ಒಬ್ಬ ಗಂಡಸಿನ ದನಿ ಕೇಳಿತು. ಮೆಲ್ಲಗೆ, ಯಾರಿಗೂ ಹೇಳಿದ ಹಾಗಲ್ಲ.

"ಬಂದೆವ್ವಾ."

ಯಾರೂ ನಗಲಿಲ್ಲ. ಸಿನಿಮಾ ಮುಗಿದ ಮೇಲೆ ಅವರೇ ನನ್ನ ಹತ್ತಿರ ಬಂದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್ಲು. ಬಹಳ ಹೊತ್ತು ಪ್ರೊಜೆಕ್ಟರಿನ ವೈರ್ ಸುತ್ತಲು ಸಹಾಯ ಮಾಡುತ್ತಾ ನಿಂತಿದ್ದರು. ಕೊನೆಗೆ, "ಬಾಯಿಗೆ ಬಂದ್ಬಿಡ್ತು ಸಾರ್, ತಪ್ಪು ತಿಳ್ಕಬ್ಯಾಡ್ರಿ," ಅಂದರು. ವೈರಿನ ಸುರುಳಿಯನ್ನು ನನ್ನ ಕೈಗೆ ಕೊಟ್ಟು, ಬೈಕ್ ಸ್ಟಾರ್ಟ್ ಮಾಡದೇ ತಳ್ಳಿಕೊಂಡು ಹೋದರು.